ವಾಷಿಂಗ್ಟನ್ ಎಂಬ ಹೆಸರಿನ ಕಥೆ

ಮೊನ್ನೆ ಸಂಜೆ ನಮ್ಮ ಮೊಮ್ಮಗನು ಭೂಗೋಳದ ಪಾಠವನ್ನು ಒಪ್ಪಿಸುತ್ತ, "ತಾತಾ, ವಾಷಿಂಗ್ಟನ್ ಎಂಬುದು ಊರಿನ ಹೆಸರೋ, ಮನುಷ್ಯನ ಹೆಸರೋ?" ಎಂದು ಕೇಳಿದನು. ಮೊದಲು ಮನುಷ್ಯನ ಹೆಸರು, ಅವನಿಂದ ಊರಿಗೆ ಬಂದಿತು ಎಂದು ನಾವು ಥಟ್ಟನೆ ಉತ್ತರ ಕೊಟ್ಟೆವು. ಹುಡುಗನು ಅಷ್ಟಕ್ಕೆ ಬಿಡದೆ, "ಆ ಮನುಷ್ಯನಿಗೆ ಅದು ಎಲ್ಲಿಂದ ಬಂದಿತು?" ಎಂದನು. ಶಬ್ದದ ಮೂಲವನ್ನು ಅರಸುವುದೇ ವಿದ್ಯೆಯೆಂದು ಕಲಿತು, ಅದನ್ನೇ ಮೂವತ್ತು ವರ್ಷಕಾಲ ಮಕ್ಕಳಿಗೆ ಬೋಧಿಸಿದ ನಾವು ಈ ಪ್ರಶ್ನೆಗೆ ನಿರುತ್ತರರಾದೆವು. ಬಳಿಕ ಹುಡುಕಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ಇದು ಕೇವಲ ಶಬ್ದದ ಕಥೆಯಾಗಿ ಮುಗಿಯಲಿಲ್ಲವೆಂಬುದೇ ನಮಗೆ ಸೋಜಿಗವಾದ ಸಂಗತಿ.

ಊರಿನಿಂದ ಮನುಷ್ಯನಿಗೆ ಹೆಸರು ಬರುವುದು ನಮಗೇನೂ ಹೊಸತಲ್ಲ. ಮಹರ್ಷಿ ಪಾಣಿನಿಯು ತದ್ಧಿತಪ್ರಕರಣದಲ್ಲಿ ಇದಕ್ಕೆಂದೇ ಸೂತ್ರಗಳನ್ನು ರಚಿಸಿರುವನು. ಮಥುರೆಯಲ್ಲಿ ವಾಸಿಸುವವನು ಮಾಥುರನು. ಅಷ್ಟರಲ್ಲಿಯೇ ನಿಲ್ಲದೆ ಆತನು ನಿವಾಸವೆಂದೂ ಅಭಿಜನವೆಂದೂ ಎರಡನ್ನು ಬೇರ್ಪಡಿಸಿರುವನು. ತಾನು ಈಗ ಇರುವ ಊರು ನಿವಾಸ. ತನ್ನ ಪೂರ್ವಿಕರು ಇದ್ದ ಊರು ಅಭಿಜನ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದುದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ಮೊದಲಿರುವ ಮೋಕ್ಷಗುಂಡವಾದರೋ ಆಂಧ್ರದೇಶದಲ್ಲಿರುವ, ಅವರ ಹಿರಿಯರ ಊರು. ಮುದ್ದೇನಹಳ್ಳಿಯು ನಿವಾಸ, ಮೋಕ್ಷಗುಂಡವು ಅಭಿಜನ. ಮನುಷ್ಯನು ಊರನ್ನು ಬಿಟ್ಟರೂ ಊರು ಮನುಷ್ಯನನ್ನು ಬಿಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ವಾಷಿಂಗ್ಟನ್ ಎಂಬ ಹೆಸರೂ ಹೀಗೆಯೇ ಒಂದು ಅಭಿಜನದ ಹೆಸರು.

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ನ್ಯೂಕಾಸಲ್ ಮತ್ತು ಸಂಡರ್‌ಲೆಂಡ್ ಪಟ್ಟಣಗಳಿಗೆ ಸಮೀಪದಲ್ಲಿ, ವಿಯರ್ ನದಿಯ ಪ್ರಾಂತದಲ್ಲಿ ವಾಷಿಂಗ್ಟನ್ ಎಂಬ ಹಳೆಯ ಗ್ರಾಮವಿದೆ. ಪೂರ್ವದಲ್ಲಿ ಅದು ಡರ್‌ಹ್ಯಾಮ್ ಸೀಮೆಗೆ ಸೇರಿದ್ದಿತು. ಇಂಗ್ಲಿಷನ್ನು ಹೊಸದಾಗಿ ಕಲಿಯುವ ಮಕ್ಕಳು ಇದನ್ನು ಬಟ್ಟೆ ಒಗೆಯುವ ಊರೆಂದು ಅರ್ಥಮಾಡಿಕೊಂಡರೆ ಅದು ಅವರ ತಪ್ಪಲ್ಲ. ಕಿವಿಗೆ ಹಾಗೆಯೇ ಕೇಳಿಸುತ್ತದೆ. ಆದರೆ ಶಬ್ದಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಭಾಷೆಯ ಅತಿ ಪ್ರಾಚೀನ ರೂಪದಲ್ಲಿ 'ಟೂನ್' ಎಂದರೆ ಬೇಲಿ ಕಟ್ಟಿದ ಹೊಲಮನೆ, ಹಳ್ಳಿ. ಈಗಿನ 'ಟೌನ್' ಎಂಬ ಶಬ್ದ ಅದರಿಂದಲೇ ಬಂದುದು. ನಡುವಣ 'ಇಂಗ್' ಎಂಬುದು ಒಬ್ಬನಿಗೆ ಸೇರಿದ ಜನರನ್ನು ಸೂಚಿಸುವ ಪ್ರತ್ಯಯ. ರಘುವಿನ ವಂಶದವರನ್ನು ರಾಘವರೆಂದು ನಾವು ಹೇಳುವುದಿಲ್ಲವೇ, ಅದರಂತೆ. ಹ್ವಾಸ್ಸ ಎಂಬೊಬ್ಬನ ಕಡೆಯವರ ಊರು ಎಂಬುದು ಸಮಗ್ರವಾದ ಅರ್ಥ. ಆ ಹ್ವಾಸ್ಸನು ಹೆಸರನ್ನು ಮಾತ್ರ ಬಿಟ್ಟುಹೋದನು. ದಕ್ಷಿಣದ ಸಸೆಕ್ಸ್ ಸೀಮೆಯಲ್ಲಿಯೂ ವಾಷಿಂಗ್ಟನ್ ಎಂಬ ಹಳ್ಳಿಯೊಂದಿದೆ. ಆದರೆ ನಮ್ಮ ಕಥೆಗೆ ಸಂಬಂಧಿಸಿದುದು ಉತ್ತರದ ಊರೇ.

೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಭೂಮಿಯ ಒಡೆಯರು ತಮ್ಮ ಊರಿನ ಹೆಸರನ್ನು 'ದ' ಎಂಬ ಶಬ್ದದೊಡನೆ ತಮ್ಮ ಹೆಸರಿಗೆ ಸೇರಿಸಿಕೊಳ್ಳುವ ವಾಡಿಕೆ ಹಬ್ಬಿತು. ಈ 'ದ' ಎಂಬುದು ನಮ್ಮ ಪಂಚಮೀ ಷಷ್ಠೀ ವಿಭಕ್ತಿಗಳ ಕೆಲಸವನ್ನು ಮಾಡುವ ಶಬ್ದ. ಹಾರ್ಟ್‌ಬರ್ನ್ ಎಂಬ ಊರಿನ ಒಡೆಯನಾಗಿದ್ದ ವಿಲಿಯಮನು ವಿಲಿಯಂ ದ ಹರ್ಟ್‌ಬರ್ನ್ ಎನಿಸಿಕೊಂಡಿದ್ದನು. ಡರ್‌ಹ್ಯಾಮಿನ ಬಿಷಪ್ಪನು ೧೧೮೩ರಲ್ಲಿ ತನ್ನ ಭೂಮಿಗಳ ಲೆಕ್ಕವನ್ನೆಲ್ಲ ಬರೆಯಿಸಿದನು. ಅದಕ್ಕೆ ಬೋಲ್ಡನ್ ಪುಸ್ತಕವೆಂದು ಹೆಸರು. ಈ ವಿಲಿಯಮನು ಹರ್ಟ್‌ಬರ್ನನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ವೆಸಿಂಗ್ಟನ್ ಗ್ರಾಮವನ್ನು ಪಡೆದನೆಂದೂ, ವರ್ಷಕ್ಕೆ ನಾಲ್ಕು ಪೌಂಡುಗಳನ್ನು ಸಲ್ಲಿಸಿ, ಬಿಷಪ್ಪನ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿಗಳೊಡನೆ ಬರತಕ್ಕದ್ದೆಂದೂ ಆ ಪುಸ್ತಕದಲ್ಲಿ ನಮೂದಾಗಿದೆ. ಊರು ಬದಲಾದುದರಿಂದ ಹೆಸರೂ ಬದಲಾಯಿತು. ಅವನು ವಿಲಿಯಂ ದ ವೆಸಿಂಗ್ಟನ್ ಆದನು. ಆ ಒಂದು ವಿನಿಮಯವು ನಡೆಯದೆ ಇದ್ದಿದ್ದರೆ ಇಂದು ಅಮೆರಿಕಾದ ರಾಜಧಾನಿಯು ಹಾರ್ಟ್‌ಬರ್ನ್ ಎನಿಸಿಕೊಳ್ಳುತ್ತಿತ್ತೋ ಏನೋ!

ಆ ಗ್ರಾಮದಲ್ಲಿ ಆ ಮನೆತನವು ಸುಮಾರು ಇನ್ನೂರು ವರ್ಷ ನಿಂತಿತು. ಹದಿನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಹಿರಿಯ ಶಾಖೆಯಲ್ಲಿ ಗಂಡುಸಂತಾನವಿಲ್ಲದೆ, ಆಸ್ತಿಯು ಮಗಳ ಮೂಲಕ ಬೇರೆ ಮನೆತನಕ್ಕೆ ಹೋಯಿತು. ಕಿರಿಯ ಶಾಖೆಗಳು ದಕ್ಷಿಣಕ್ಕೆ ಸರಿದುವು. ಅವುಗಳಲ್ಲೊಂದಕ್ಕೆ ಸೇರಿದ ಲಾರೆನ್ಸ್ ವಾಷಿಂಗ್ಟನ್ ಎಂಬ ಉಣ್ಣೆಯ ವರ್ತಕನು ನಾರ್ತಾಂಪ್ಟನ್ ಪಟ್ಟಣದ ಮೇಯರನೂ ಆಗಿದ್ದು, ಎಂಟನೆಯ ಹೆನ್ರಿ ದೊರೆಯು ಕ್ರೈಸ್ತಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಮಾರಿದ ಕಾಲದಲ್ಲಿ, ೧೫೩೯ರಲ್ಲಿ, ಸಲ್‌ಗ್ರೇವ್ ಎಂಬ ಗ್ರಾಮವನ್ನು ಕೊಂಡನು. ಅವನು ಅಲ್ಲಿ ಕಟ್ಟಿಸಿದ ಮನೆಯು ಇಂದಿಗೂ ಇದೆ. ಬಿಳಿಯ ನೆಲದ ಮೇಲೆ ಎರಡು ಕೆಂಪು ಪಟ್ಟೆಗಳು, ಮೇಲೆ ಮೂರು ಕೆಂಪು ನಕ್ಷತ್ರಗಳು — ಇದು ಆ ಮನೆತನದ ಲಾಂಛನ. ೧೯೩೮ರಲ್ಲಿ ಅಮೆರಿಕಾದ ರಾಜಧಾನಿಯು ಇದನ್ನೇ ತನ್ನ ಧ್ವಜವನ್ನಾಗಿ ಸ್ವೀಕರಿಸಿತು.

ಈ ಮನೆತನದವರಲ್ಲಿ ಮತ್ತೊಬ್ಬ ಲಾರೆನ್ಸನು ಎಸೆಕ್ಸ್ ಸೀಮೆಯಲ್ಲಿ ಪಾದ್ರಿಯಾಗಿದ್ದನು. ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಾಗ ದೊರೆಯ ಪಕ್ಷದವನೆಂದು ೧೬೪೩ರಲ್ಲಿ ಅವನ ವೃತ್ತಿಯನ್ನು ಕಿತ್ತುಕೊಂಡರು. ಬಡತನಕ್ಕೆ ಇಳಿದ ಅವನ ಮಗ ಜಾನ್ ಎಂಬವನು ಹೊಗೆಸೊಪ್ಪಿನ ವ್ಯಾಪಾರದ ಹಡಗೊಂದರಲ್ಲಿ ಕೆಲಸಕ್ಕೆ ಸೇರಿ ವರ್ಜೀನಿಯಾಕ್ಕೆ ಬಂದನು. ೧೬೫೭ರಲ್ಲಿ ಆ ಹಡಗು ಪೊಟೋಮ್ಯಾಕ್ ನದಿಯಲ್ಲಿ ನೆಲಕ್ಕೆ ತಗುಲಿ ಕೆಟ್ಟುನಿಂತಿತು. ಜಾನನು ಹಿಂದಿರುಗದೆ ಅಲ್ಲಿಯೇ ಮದುವೆಯಾಗಿ, ಮಾವನಿಂದ ಭೂಮಿಯನ್ನು ಪಡೆದು ನೆಲಸಿದನು. ಅವನ ಮರಿಮಗನೇ ಜಾರ್ಜ್ ವಾಷಿಂಗ್ಟನ್.

೧೭೩೨ರಲ್ಲಿ ಹುಟ್ಟಿದ ಈ ಪುರುಷನು ಇಂಗ್ಲಿಷ್ ದೊರೆಯ ವಿರುದ್ಧ ಸೇನೆಯನ್ನು ನಡೆಸಿ, ೧೭೮೯ರಿಂದ ೧೭೯೭ರ ವರೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಮೊದಲನೆಯ ಅಧ್ಯಕ್ಷನಾಗಿದ್ದುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಅವನಿಗೆ ತನ್ನ ಅಭಿಜನದ ಅರಿವಿತ್ತೇ? ಇಂಗ್ಲೆಂಡಿನಲ್ಲಿ ವಂಶಾವಳಿಗಳ ಅಧಿಕಾರಿಯಾಗಿದ್ದ ಸರ್ ಐಸಾಕ್ ಹರ್ಡ್ ಎಂಬವನು ಅವನ ಪೂರ್ವಿಕರನ್ನು ಕುರಿತು ಕಾಗದ ಬರೆದು ಕೇಳಿದನು. ೧೭೯೨ರಲ್ಲಿ ಜಾರ್ಜನು ಬರೆದ ಉತ್ತರದ ತಾತ್ಪರ್ಯವೇನೆಂದರೆ: ಈ ವಿಷಯಕ್ಕೆ ತಾನು ಹೆಚ್ಚಾಗಿ ಗಮನ ಕೊಟ್ಟಿಲ್ಲ, ಹಿರಿಯರು ಇಂಗ್ಲೆಂಡಿನ ಉತ್ತರದ ಯಾವುದೋ ಸೀಮೆಯಿಂದ ಬಂದರೆಂದು ಮನೆಯವರು ಹೇಳುತ್ತಿದ್ದರು, ಯಾವುದೆಂಬುದು ನೆನಪಿಲ್ಲ. ಯಾವ ಹೆಸರನ್ನು ಆಗಲೇ ಒಂದು ರಾಜಧಾನಿಗೆ ಇಟ್ಟಿದ್ದರೋ, ಆ ಹೆಸರಿನ ಮೂಲಗ್ರಾಮವನ್ನು ಆ ಹೆಸರಿನವನೇ ಅರಿಯನು!

ಅಲ್ಲಿಂದ ಮುಂದೆ ಊರು ಮನುಷ್ಯನಿಗೆ ಕೊಟ್ಟುದನ್ನು ಮನುಷ್ಯನು ಊರುಗಳಿಗೆ ಹಂಚಿದನೆನ್ನಬಹುದು. ಉತ್ತರ ಕೆರೊಲಿನಾದ ಪುಟ್ಟ ಪಟ್ಟಣವೊಂದು ೧೭೭೬ರಷ್ಟು ಹಿಂದೆಯೇ ಅವನ ಹೆಸರನ್ನು ಇಟ್ಟುಕೊಂಡಿತು. ರಾಜಧಾನಿಗೆ ೧೭೯೧ರಲ್ಲಿ, ಅವನು ಬದುಕಿದ್ದಾಗಲೇ, ನಾಮಕರಣವಾಯಿತು. ನ್ಯೂ ಹ್ಯಾಂಪ್‌ಷೈರಿನ ೬,೨೮೮ ಅಡಿ ಎತ್ತರದ ಪರ್ವತವೂ, ಬೇರೆ ಬೇರೆ ರಾಜ್ಯಗಳಲ್ಲಿ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಜಿಲ್ಲೆಗಳೂ ಅದೇ ಹೆಸರನ್ನು ಹೊತ್ತಿವೆ. ಪಶ್ಚಿಮ ಸಮುದ್ರದ ತೀರದ ಹೊಸ ಪ್ರಾಂತಕ್ಕೆ ೧೮೫೩ರಲ್ಲಿ ಕೊಲಂಬಿಯಾ ಎಂದು ಹೆಸರಿಡಬೇಕೆಂಬ ಸಲಹೆಯಿದ್ದಿತು. ರಾಜಧಾನಿಯಿರುವ ಕೊಲಂಬಿಯಾ ಜಿಲ್ಲೆಯೊಡನೆ ಗೊಂದಲವಾದೀತೆಂದು ಶಾಸನಸಭೆಯವರು ಯೋಚಿಸಿ, ಅದನ್ನು ಬಿಟ್ಟು ವಾಷಿಂಗ್ಟನ್ ಎಂದು ಹೆಸರಿಟ್ಟರು! ೧೮೮೯ರಲ್ಲಿ ಅದು ರಾಜ್ಯವಾಯಿತು. ಯಾವ ವಾಷಿಂಗ್ಟನ್ ಎಂದು ಜನರು ಇಂದಿಗೂ ಕೇಳಿ ತಿಳಿದುಕೊಳ್ಳಬೇಕಾಗಿದೆ.

ಇಲ್ಲಿಯವರೆಗಿನದು ಒಡೆಯರ ಕಥೆ. ಇನ್ನು ಮುಂದಿನದನ್ನು ಹುಡುಕುವಾಗಲೇ ನಮ್ಮ ಮನಸ್ಸು ಭಾರವಾದುದು.

ಜಾರ್ಜ್ ವಾಷಿಂಗ್ಟನನು ಕಾಲವಾದುದು ಶ್ರೀರಂಗಪಟ್ಟಣವು ಬಿದ್ದ ೧೭೯೯ನೆಯ ಇಸವಿಯಲ್ಲಿಯೇ, ಡಿಸೆಂಬರ್ ೧೪ರಂದು. ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಮೌಂಟ್ ವರ್ನನ್ ಎಂಬ ಅವನ ಜಮೀನಿನಲ್ಲಿ ಆಗ ೩೧೭ ಮಂದಿ ಗುಲಾಮರಿದ್ದರು. ಅವರಲ್ಲಿ ೧೨೩ ಮಂದಿ ಅವನ ಸ್ವಂತದವರು. ಉಳಿದವರಲ್ಲಿ ಹೆಚ್ಚಿನವರು ಅವನ ಹೆಂಡತಿಯ ಮೊದಲನೆಯ ಗಂಡನ ಆಸ್ತಿಗೆ ಸೇರಿದವರು. ತನ್ನವರಿಗೆ ಹೆಂಡತಿಯ ಕಾಲಾನಂತರ ಬಿಡುಗಡೆಯಾಗತಕ್ಕದ್ದೆಂದು ಅವನು ಮರಣಶಾಸನದಲ್ಲಿ ಬರೆದಿದ್ದನು. ಆಕೆಯು ಅಷ್ಟು ಕಾಲ ತಡೆಯದೆ ೧೮೦೧ರ ಜನವರಿ ೧ರಂದೇ ಅವರನ್ನು ಬಿಡುಗಡೆಮಾಡಿದಳು. ಉಳಿದವರನ್ನು ಬಿಡುವ ಅಧಿಕಾರ ಇಬ್ಬರಿಗೂ ಇರಲಿಲ್ಲ. ಆ ಗುಲಾಮರ ಪಟ್ಟಿಯನ್ನು ನೋಡಿದರೆ ಬಹುಮಂದಿಗೆ ಒಂದೊಂದೇ ಹೆಸರು. ಒಡೆಯನಿಗೆ ಆರು ಶತಮಾನಗಳ ಮನೆತನದ ಹೆಸರು. ಅವನ ಹೊಲವನ್ನು ಉತ್ತವನಿಗೆ ತಂದೆಯ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ.

ಅವರಲ್ಲೊಬ್ಬನು ಹ್ಯಾರಿ. ಆಫ್ರಿಕಾದ ಗ್ಯಾಂಬಿಯಾ ಪ್ರಾಂತದಲ್ಲಿ ಹುಟ್ಟಿ, ಸೆರೆಯಾಗಿ ಬಂದು, ವಾಷಿಂಗ್ಟನನಿಗೆ ಮಾರಲ್ಪಟ್ಟವನು. ೧೭೭೬ರಲ್ಲಿ ಒಡೆಯನು ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರೊಡನೆ ಯುದ್ಧಮಾಡುತ್ತಿದ್ದಾಗ ಈ ಹ್ಯಾರಿಯು ತನ್ನ ಸ್ವಾತಂತ್ರ್ಯಕ್ಕಾಗಿ ಓಡಿಹೋಗಿ ಇಂಗ್ಲಿಷರ ಸೇನೆಯನ್ನು ಸೇರಿದನು. ೧೭೮೩ರಲ್ಲಿ ಅವರು ನ್ಯೂಯಾರ್ಕನ್ನು ಬಿಟ್ಟುಹೋಗುವಾಗ ಬರೆದ ಪಟ್ಟಿಯಲ್ಲಿ ಅವನ ಹೆಸರು ಹ್ಯಾರಿ ವಾಷಿಂಗ್ಟನ್ ಎಂದಿದೆ. ನೋವಾ ಸ್ಕೋಷಿಯಾಕ್ಕೆ ಹೋಗಿ, ೧೭೯೨ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನಿಗೆ ಬಂದು ಸೇರಿದನು. ಅಲ್ಲಿ ಆಳುತ್ತಿದ್ದ ಕಂಪೆನಿಯವರು ಭೂಮಿಗೆ ಕಂದಾಯ ವಿಧಿಸಲು, ೧೮೦೦ರಲ್ಲಿ ಜನರು ದಂಗೆಯೆದ್ದರು. ಅವರಲ್ಲಿ ಹ್ಯಾರಿಯೂ ಒಬ್ಬನಾಗಿದ್ದು ಗಡೀಪಾರಾದನು. ತೆರಿಗೆಯ ಕಾರಣದಿಂದ ಇಂಗ್ಲಿಷರನ್ನು ಎದುರಿಸಿದ ವಾಷಿಂಗ್ಟನರು ಇಬ್ಬರು. ಒಬ್ಬನಿಗೆ ಶಿಲಾಸ್ತಂಭ, ಇನ್ನೊಬ್ಬನಿಗೆ ಪರದೇಶ.

೧೮೬೫ರಲ್ಲಿ ಅಮೆರಿಕಾದಲ್ಲಿ ಗುಲಾಮಗಿರಿಯು ಕೊನೆಗಂಡಿತು. ಬುಕರ್ ಟಿ. ವಾಷಿಂಗ್ಟನ್ ಎಂಬ ಮಹನೀಯರು ೧೯೦೧ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳುವಂತೆ, ಬಿಡುಗಡೆಯಾದ ಜನರೆಲ್ಲ ಮೊದಲು ಮಾಡಬೇಕೆಂದುಕೊಂಡ ಕೆಲಸಗಳು ಎರಡು: ಕೆಲವು ದಿನಗಳಾದರೂ ಒಡೆಯನ ಜಮೀನನ್ನು ಬಿಟ್ಟು ಹೊರಗೆ ಹೋಗಿಬರುವುದು, ಹೆಸರನ್ನು ಬದಲಾಯಿಸುವುದು. ಇವರು ೧೮೫೬ರಲ್ಲಿ ಗುಲಾಮರಾಗಿಯೇ ಹುಟ್ಟಿದವರು. ಮೊದಲ ದಿನ ಶಾಲೆಗೆ ಹೋದಾಗ ಉಪಾಧ್ಯಾಯರು ಹಾಜರಿಯನ್ನು ಕೂಗತೊಡಗಿದರು. ಪ್ರತಿಯೊಬ್ಬ ಹುಡುಗನಿಗೂ ಎರಡೆರಡು ಹೆಸರು. ಇವರಿಗೆ ಬುಕರ್ ಎಂಬುದೊಂದೇ. ತಮ್ಮ ಸರದಿ ಹತ್ತಿರವಾದಂತೆ ಬಾಲಕನಿಗೆ ದಿಗಿಲಾಯಿತು. ಉಪಾಧ್ಯಾಯರು ಕೇಳಿದಾಗ ಮಾತ್ರ ಹುಟ್ಟಿದಂದಿನಿಂದ ಅದೇ ಹೆಸರಿದ್ದಂತೆ, "ಬುಕರ್ ವಾಷಿಂಗ್ಟನ್" ಎಂದುಬಿಟ್ಟರು. ವಾಷಿಂಗ್ಟನ್ ಎಂಬುದು ಅವರ ಮಲತಂದೆಗಿದ್ದ ಹೆಸರು. ಆ ಬಾಲಕನೇ ಮುಂದೆ ೧೮೮೧ರಲ್ಲಿ ಟಸ್ಕೀಗಿಯ ವಿದ್ಯಾಸಂಸ್ಥೆಯನ್ನು ಕಟ್ಟಿ, ತಮ್ಮ ಜನರಿಗೆ ವಿದ್ಯೆಯ ದಾರಿಯನ್ನು ತೆರೆದರು.

೨೦೦೦ದ ಜನಗಣತಿಯಲ್ಲಿ ಅಮೆರಿಕಾದಲ್ಲಿ ವಾಷಿಂಗ್ಟನ್ ಎಂಬ ಮನೆತನದ ಹೆಸರಿನವರು ೧,೬೩,೦೩೬ ಮಂದಿಯಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಆಫ್ರಿಕಾ ಮೂಲದವರು. ಇವರೆಲ್ಲರೂ ಅಧ್ಯಕ್ಷನ ಜಮೀನಿನವರ ಸಂತತಿಯೆಂದು ತಿಳಿಯಲಾಗದು. ಅಲ್ಲಿ ಬಿಡುಗಡೆಯಾದವರೇ ಅಷ್ಟು ಕಡಿಮೆ. ಅವನ ದಾಯಾದಿಗಳಲ್ಲಿ ದುಡಿದವರ ವಂಶದವರು ಕೆಲವರಿರಬಹುದು. ಸ್ವಾತಂತ್ರ್ಯದ ಹೆಸರೆಂದು ತಾವೇ ಆರಿಸಿಕೊಂಡವರು ಅನೇಕರು. ಹೆಸರು ರಕ್ತದಿಂದಲೇ ಬರಬೇಕಾಗಿಲ್ಲ, ಆಯ್ಕೆಯಿಂದಲೂ ಬರಬಹುದು. ಹಾಗೆ ಬಂದುದು ಕಡಿಮೆಯದೂ ಅಲ್ಲ.

ಮೂಲಗ್ರಾಮದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ವಿಲಿಯಮನ ವಂಶದವರಿದ್ದ ಸ್ಥಳದ ಹಳೆಯ ಮನೆಯು ಕಾಲಾಂತರದಲ್ಲಿ ಹಲವು ಬಡಕುಟುಂಬಗಳ ಬಿಡಾರವಾಗಿ, ವಾಸಕ್ಕೆ ಅಯೋಗ್ಯವೆಂದು ಕೆಡಹುವ ಸ್ಥಿತಿಗೆ ಬಂದಿದ್ದಿತು. ೧೯೩೬ರಲ್ಲಿ ಫ್ರೆಡ್ ಹಿಲ್ ಎಂಬ ಸ್ಥಳೀಯ ಶಾಲೆಯ ಉಪಾಧ್ಯಾಯರು ಮುಂದಾಗಿ ಅದನ್ನು ಉಳಿಸುವ ಪ್ರಯತ್ನವನ್ನು ಆರಂಭಿಸಿದರು. ೧೯೫೫ರಲ್ಲಿ ಅದು ಜೀರ್ಣೋದ್ಧಾರವಾಗಿ ಜನರಿಗೆ ತೆರೆಯಿತು. ೧೯೭೭ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು ಆ ಗ್ರಾಮಕ್ಕೆ ಬಂದು ಒಂದು ಸಸಿಯನ್ನು ನೆಟ್ಟರು.

ಬುಕರರ ಶಾಲೆಯ ಪ್ರಸಂಗವನ್ನು ಓದಿದ ರಾತ್ರಿ ನಮಗೆ ಬೇಗ ನಿದ್ರೆ ಬರಲಿಲ್ಲ. ನಾವೂ ಎಷ್ಟೋ ಮಕ್ಕಳ ಹೆಸರನ್ನು ದಾಖಲೆಯ ಪುಸ್ತಕದಲ್ಲಿ ಬರೆದವರೇ. ಒಮ್ಮೆ ಕೂಲಿಯವರ ಹುಡುಗನೊಬ್ಬನು ತನ್ನ ಹೆಸರನ್ನು ಹಳ್ಳಿಯ ರೂಪದಲ್ಲಿ ಹೇಳಿದನು. ಅದು ಅಶುದ್ಧವೆಂದು ನಾವು ಸಂಸ್ಕೃತದ ಹೆಸರೊಂದನ್ನು ಬರೆದು, ಉಪಕಾರ ಮಾಡಿದೆವೆಂದುಕೊಂಡೆವು. ಇಪ್ಪತ್ತು ವರ್ಷಗಳ ಮೇಲೆ ಅವನು ಸಂತೆಯಲ್ಲಿ ಸಿಕ್ಕಿ ನಮಸ್ಕರಿಸಿ, "ಮೇಷ್ಟ್ರೇ, ತಾವು ಇಟ್ಟ ಹೆಸರು ಕಾಗದದಲ್ಲಿ ಚೆನ್ನಾಗಿದೆ. ನಮ್ಮವ್ವ ಮಾತ್ರ ಕೊನೆಯವರೆಗೂ ಅದನ್ನು ಕರೆಯಲು ಕಲಿಯಲಿಲ್ಲ" ಎಂದನು. ಆಗ ನಾವು ನಕ್ಕುಬಿಟ್ಟೆವು. ಈಗ ಆ ಮಾತು ಬೇರೆಯಾಗಿ ಕೇಳಿಸುತ್ತದೆ.

ಮರುದಿನ ಮೊಮ್ಮಗನನ್ನು ಕರೆದು ನಮ್ಮ ಉತ್ತರವನ್ನು ತಿದ್ದಿದೆವು: "ಅದು ಮೊದಲು ಹಳ್ಳಿಯ ಹೆಸರು; ಆಮೇಲೆ ಒಡೆಯರದು; ಆಮೇಲೆ ರಾಜಧಾನಿಯದು. ಈಗ ಹೆಚ್ಚಾಗಿ ಅದು, ಹೆಸರೇ ಇಲ್ಲದಿದ್ದವರ ಮೊಮ್ಮಕ್ಕಳ ಹೆಸರು." ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಹೆಸರಿನ ಮೊದಲಿರುವ ಅಕ್ಷರ ಯಾವ ಊರಿನದೆಂದು ಕೇಳಿದನು. ಮುಂದಿನ ರಜೆಯಲ್ಲಿ ಆ ಊರನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇವೆ. ವಾಚಕರ ಮನೆಯ ಮಕ್ಕಳೂ ಹೀಗೆ ಕೇಳಿದರೆ, ತಿಳಿದ ಹಿರಿಯರು ಇರುವಾಗಲೇ ಉತ್ತರವನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.