ಮಲೆನಾಡಿನ ಹಳ್ಳಿಯಲ್ಲಿ ಲೋಕದ ಚಿತ್ರಪಟಗಳು

ಲೋಕಪ್ರಸಿದ್ಧವಾದ ಚಿತ್ರಪಟಗಳು ದೊಡ್ಡ ಪಟ್ಟಣಗಳ ವಿದ್ಯಾವಂತರಿಗೆ ಮೀಸಲಾದವೆಂದೂ, ಹಳ್ಳಿಗರಿಗೆ ಹಾಡು, ಕುಣಿತ, ಹೊಡೆದಾಟಗಳ ಸಿನೇಮಾವೇ ಸಾಕೆಂದೂ ಅನೇಕರು ತಿಳಿದಿರುವರು. ಈ ತಿಳಿವಳಿಕೆಯು ಎಷ್ಟು ಪೊಳ್ಳೆಂಬುದನ್ನು ಅರಿಯಲು ಕಲ್ಕತ್ತೆಗಾಗಲಿ ಪ್ಯಾರಿಸಿಗಾಗಲಿ ಹೋಗಬೇಕಾದುದಿಲ್ಲ. ಸಿದ್ದಾಪುರದಿಂದ ತಾಳಗುಪ್ಪದ ಮಾರ್ಗವಾಗಿ ಸಾಗರಕ್ಕೆ ಹೋಗಿ, ಅಲ್ಲಿಂದ ತುಸು ದೂರದಲ್ಲಿ ಅಡಿಕೆಯ ತೋಟಗಳ ನಡುವೆ ಇರುವ ಹೆಗ್ಗೋಡೆಂಬ ಹಳ್ಳಿಯ ಕಥೆಯನ್ನು ಕೇಳಿದರೆ ಸಾಕು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರಿಗೆ ಹೆಗ್ಗೋಡು ಪರಸ್ಥಳವಲ್ಲ. 1956ರ ವರೆಗೆ ಆ ಸೀಮೆಯು ಮೈಸೂರಿಗೂ ಈ ಸೀಮೆಯು ಮುಂಬಯಿಗೂ ಸೇರಿದ್ದವಾದರೂ ಮಳೆ, ತೋಟ, ಯಕ್ಷಗಾನ, ನಂಟಸ್ತಿಕೆ ಇವುಗಳಿಗೆ ಸರಹದ್ದಿನ ಕಟ್ಟು ಇರಲಿಲ್ಲ. ಆದುದರಿಂದ ಅಲ್ಲಿ ನಡೆದ ಕಾರ್ಯವು ನಮ್ಮ ಅಂಗಳದಲ್ಲಿಯೂ ನಡೆಯತಕ್ಕದ್ದೇ ಆಗಿದೆ.

ಸಂಘವು ಬೆಳೆದ ಬಗೆ

1949ರಲ್ಲಿ ಹೆಗ್ಗೋಡಿನ ಕೆಲವರು ಕೂಡಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವನ್ನು ಸ್ಥಾಪಿಸಿದರು. ಅದೇ ಈಗ ನೀನಾಸಮ್ ಎಂದು ಹೆಸರಾಗಿರುವ ಸಂಸ್ಥೆ. ಅದರ ಜೀವಾಳವಾಗಿದ್ದವರು ಕೆ. ವಿ. ಸುಬ್ಬಣ್ಣನವರು. ಅಡಿಕೆಯ ತೋಟವಿದ್ದ ಮನೆತನದವರಾದರೂ ಅವರ ಮನಸ್ಸು ಲೋಕದ ಸಾಹಿತ್ಯದಲ್ಲಿಯೂ ಕಲೆಯಲ್ಲಿಯೂ ಸಂಚರಿಸುತ್ತಿತ್ತು. ಸಂಘಕ್ಕೆ ಶಿವರಾಮ ಕಾರಂತರ ಹೆಸರಿನ ರಂಗಮಂದಿರವಾಯಿತು. 1973ರಲ್ಲಿ ನೀನಾಸಮ್ ಚಿತ್ರಸಮಾಜವು ಹುಟ್ಟಿತು. 1980ರಲ್ಲಿ ನಾಟಕದ ಶಾಲೆಯೂ ಆರಂಭವಾಯಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು. ಅವರು 2005ರಲ್ಲಿ ತೀರಿಕೊಂಡರು.

ಚಿತ್ರಸಮಾಜವೆಂಬುದು ಆ ಕಾಲಕ್ಕೆ ನಮ್ಮ ದೇಶದಲ್ಲಿ ಹೊಸದೇನೂ ಅಲ್ಲ. ಸತ್ಯಜಿತ್ ರಾಯರೂ ಅವರ ಮಿತ್ರರೂ 1947ರಲ್ಲಿಯೇ ಕಲ್ಕತ್ತೆಯಲ್ಲಿ ಅಂಥದೊಂದನ್ನು ಕಟ್ಟಿದ್ದರು. ಆದರೆ ಅವೆಲ್ಲ ಪಟ್ಟಣಗಳ ಸಂಘಗಳು. ಹಳ್ಳಿಯಲ್ಲಿ, ಅದೂ ಒಕ್ಕಲು ಮಕ್ಕಳಿಗಾಗಿ, ಜಪಾನು ಇಟಲಿಗಳ ಚಿತ್ರಗಳನ್ನು ತೋರಿಸುವುದೇ ಸುಬ್ಬಣ್ಣನವರ ಸಾಹಸ. ಅವರಿಗೆ ಬೆಂಬಲವಾದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 1964ರಲ್ಲಿ ಆರಂಭವಾದ ಆ ಭಂಡಾರವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು, ಚಿತ್ರಗಳು ಡಬ್ಬಿಯಲ್ಲಿ ಮುಚ್ಚಿಡುವುದಕ್ಕಲ್ಲ, ಜನರು ನೋಡುವುದಕ್ಕೆ ಎಂದು ನಂಬಿದವರು. ಹೀಗೆ ಪುಣೆಯ ಸುರುಳಿಗಳು ಹೆಗ್ಗೋಡಿಗೆ ಬಂದವು. ಪುಣೆಯ ಸಿನೇಮಾ ಶಾಲೆಯ ಅಧ್ಯಾಪಕರಾದ ಸತೀಶ ಬಹಾದೂರರು ಬಂದು, ಚಿತ್ರವನ್ನು ನೋಡುವ ಬಗೆಯನ್ನು ಶಿಬಿರಗಳಲ್ಲಿ ತಿಳಿಸಿಕೊಟ್ಟರು.

ಭಾಷೆ ತಿಳಿಯದೆ ತಿಳಿದದ್ದು ಹೇಗೆ?

ಇಟಲಿಯ ಮಾತು ನಮ್ಮ ಅಜ್ಜಿಗೆ ತಿಳಿದೀತೇ ಎಂದು ವಾಚಕರು ಕೇಳಬಹುದು. ಮಾತು ತಿಳಿಯಲಾರದು, ನಿಜ. ಆದರೆ ಬದುಕು ತಿಳಿಯದೆ ಇರಲಾರದು. ಮೂರು ಚಿತ್ರಗಳನ್ನು ಮಾತ್ರ ಇಲ್ಲಿ ನೋಡೋಣ.

1948ರ 'ಬೈಸಿಕಲ್ ಥೀವ್ಸ್' ಎಂಬ ಇಟಲಿಯ ಚಿತ್ರದಲ್ಲಿ ಯುದ್ಧಾನಂತರದ ರೋಮಿನ ಒಬ್ಬ ಬಡವನಿಗೆ ಗೋಡೆಗೆ ಜಾಹೀರಾತು ಹಚ್ಚುವ ಕೆಲಸ ಸಿಗುವುದು. ಕೆಲಸಕ್ಕೆ ಸೈಕಲು ಬೇಕು. ಅದು ಒತ್ತೆಯಲ್ಲಿದೆ. ಹೆಂಡತಿಯು ಮನೆಯ ಹಾಸಿಗೆಯ ಬಟ್ಟೆಗಳನ್ನು ಒತ್ತೆಯಿಟ್ಟು ಸೈಕಲನ್ನು ಬಿಡಿಸಿಕೊಡುವಳು. ಮೊದಲ ದಿನವೇ ಅದು ಕಳುವಾಗುವುದು. ಮಗನ ಕೈಹಿಡಿದು ಊರೆಲ್ಲ ಹುಡುಕಿದ ತಂದೆಯು ಕೊನೆಗೆ ತಾನೇ ಒಂದು ಸೈಕಲನ್ನು ಕದಿಯಹೋಗಿ ಮಗನ ಕಣ್ಣೆದುರಿಗೆ ಸಿಕ್ಕಿಬೀಳುವನು. ಒತ್ತೆಯಿಟ್ಟು ಮನೆ ನಡೆಸಿದ ಯಾವ ಗೃಹಿಣಿಗೆ ಇದಕ್ಕೆ ಭಾಷಾಂತರ ಬೇಕು? ಇದರಲ್ಲಿ ತಂದೆಯ ಪಾತ್ರ ವಹಿಸಿದವನೂ ನಟನಲ್ಲ, ಕಾರಖಾನೆಯ ಕೂಲಿಗಾರ.

ಇದೇ ಚಿತ್ರವನ್ನು 1950ರಲ್ಲಿ ಲಂಡನ್ನಿನಲ್ಲಿ ನೋಡಿದ ಸತ್ಯಜಿತ್ ರಾಯರು ತಾವೂ ಇಂಥ ಚಿತ್ರವನ್ನು ಮಾಡಬೇಕೆಂದು ನಿಶ್ಚಯಿಸಿದರು. 1955ರಲ್ಲಿ 'ಪಥೇರ್ ಪಾಂಚಾಲಿ' ಬಂದಿತು. ಹರಿಹರನೆಂಬ ಬಡ ಪುರೋಹಿತನು ಹೊಟ್ಟೆಪಾಡಿಗೆ ಪರಊರಿಗೆ ಹೋಗಿದ್ದಾಗ ಮಗಳು ದುರ್ಗೆಯು ಮಳೆಯಲ್ಲಿ ತೊಯ್ದು ಜ್ವರದಿಂದ ಸಾಯುವಳು. ತಂದೆಯು ಬಹುದಿನಗಳ ಮೇಲೆ ಮರಳಿ ಬಂದು, ಮಗಳಿಗೆಂದು ತಂದ ಸೀರೆಯನ್ನು ತೆಗೆದು ತೋರಿಸುವನು. ಆಗ ತಾಯಿಯ ಅಳುವು ನಮ್ಮ ಕಿವಿಗೆ ಬೀಳುವುದಿಲ್ಲ. ಅಳುವಿನ ಬದಲು ವಾದ್ಯವೊಂದರ ಆರ್ತಸ್ವರವು ಮಾತ್ರ ಕೇಳುವುದು. ಮಾತೇ ಇಲ್ಲದ ಈ ಘಳಿಗೆಯನ್ನು ಅರಿಯಲು ಬಂಗಾಳಿ ಬರಬೇಕೆ?

ಮೂರನೆಯದು ಜಪಾನಿನ ಕುರೊಸಾವಾ ಎಂಬಾತನ 'ರಾಶೊಮೊನ್', 1950ರದು. ಧೋಧೋ ಎಂದು ಸುರಿಯುವ ಮಳೆ. ಮುರಿದ ಹೆಬ್ಬಾಗಿಲ ಕೆಳಗೆ ಮೂವರು. ಕಾಡಿನಲ್ಲಿ ನಡೆದ ಒಂದು ಕೊಲೆಯ ಸುದ್ದಿಯನ್ನು ಕಳ್ಳನು ಒಂದು ಬಗೆಯಾಗಿ, ಹೆಂಗಸು ಇನ್ನೊಂದು ಬಗೆಯಾಗಿ, ಸತ್ತವನು ಮೈಮೇಲೆ ಬಂದವಳ ಬಾಯಿಂದ ಮತ್ತೊಂದು ಬಗೆಯಾಗಿ, ಕಟ್ಟಿಗೆಯವನು ಬೇರೆಯೇ ಬಗೆಯಾಗಿ ಹೇಳುವರು. ಇದು ಬಹು ಕಠಿಣವಾದ ಚಿತ್ರವೆಂದು ಪಂಡಿತರು ಎಣಿಸುವರು. ಆದರೆ ನಮ್ಮ ಕಡೆಯ ತಾಳಮದ್ದಳೆಯನ್ನು ನೆನೆಯಿರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ವಾದಿಸುವರು. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ನ್ಯಾಯ ಕೇಳುವಾಗ ಸಭೆಯು ಅವನ ಕಡೆಗೆ ವಾಲುವುದು. ರಾಮನು ಉತ್ತರ ಕೊಡುವಾಗ ಈ ಕಡೆಗೆ ತಿರುಗುವುದು. ಒಂದೇ ಸಂಗತಿಗೆ ಎರಡು ಸತ್ಯಗಳಿರುವುದನ್ನು ರಾತ್ರಿಯಿಡೀ ಕೇಳಿ ಬೆಳೆದವರಿಗೆ 'ರಾಶೊಮೊನ್' ಹೊಸತಾಗಲಾರದು. ಕಲಿಯದವರೆಂದು ನಾವು ಕರೆಯುವವರು ಈ ವಿದ್ಯೆಯನ್ನು ಆಗಲೇ ಕಲಿತವರು.

ಇದು ಬರಿಯ ಊಹೆಯಲ್ಲ. ನಾಯರ್ ಅವರ ಜೀವನದ ಮೇಲೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಎಂಬವರು 2012ರಲ್ಲಿ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಚಿತ್ರದಲ್ಲಿ ಹೆಗ್ಗೋಡಿನ ಹಳ್ಳಿಗರು ಎಷ್ಟೋ ವರ್ಷಗಳ ಹಿಂದೆ ನೋಡಿದ ಇಂಥ ಚಿತ್ರಗಳನ್ನು ನೆನೆಯುವುದನ್ನು ಕಾಣಬಹುದು. ಶಿರಸಿಯಲ್ಲಿ ಬಾಲ್ಯವನ್ನು ಕಳೆದ ಗಿರೀಶ ಕಾರ್ನಾಡರ ಉದಾಹರಣೆಯೂ ಇದೆ. ಅಲ್ಲಿ ಯಕ್ಷಗಾನವನ್ನೂ ಕಂಪನಿ ನಾಟಕಗಳನ್ನೂ ನೋಡಿದ ಹುಡುಗನೇ ಮುಂದೆ 1970ರ 'ಸಂಸ್ಕಾರ' ಚಿತ್ರದಲ್ಲಿ ಪ್ರಾಣೇಶಾಚಾರ್ಯನಾದನು. 1974ರಲ್ಲಿ ಪುಣೆಯ ಸಿನೇಮಾ ಶಾಲೆಯ ನಿರ್ದೇಶಕನೂ ಆದನು.

ಈಗಿನ ಕೊರತೆ ಯಾವುದು?

ಈಗ ಡಬ್ಬಿಗಳು ಪುಣೆಯಿಂದ ಬರಬೇಕಾದುದಿಲ್ಲ. ಲೋಕದ ಚಿತ್ರಗಳಲ್ಲಿ ಬಹುಪಾಲು ಅಂಗೈಯೊಳಗಿನ ಮೊಬೈಲಿನಲ್ಲಿಯೇ ದೊರೆಯುವವು. ಆದರೆ ಒಂದು ಮನೆಯಲ್ಲಿ ನಾಲ್ವರಿದ್ದರೆ ನಾಲ್ವರೂ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಗೆಯದನ್ನು ನೋಡುತ್ತಿರುವರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಜಗಲಿಯ ಮೇಲೆ ಕಥೆಯೂ ಚರ್ಚೆಯೂ ನಡೆಯುತ್ತಿದ್ದ ಮನೆಗಳಲ್ಲಿ ಈಗ ಮೌನವಿದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಉಳಿದ ಮುದುಕ ಮುದುಕಿಯರಿಗೆ ಮಾತನಾಡಲು ವಿಷಯವೇ ಸಾಲದು. ಹೆಗ್ಗೋಡಿನ ನಿಜವಾದ ಸಂಪತ್ತು ಸುರುಳಿಗಳಲ್ಲ. ಕೂಡಿ ನೋಡುವುದು ಮತ್ತು ನೋಡಿದುದನ್ನು ಕುರಿತು ಮಾತನಾಡುವುದು, ಇವೆರಡೇ. ಇವು ಯಾವ ಯಂತ್ರದಿಂದಲೂ ಬರತಕ್ಕವಲ್ಲ.

ನಾವು ಮಾಡಬಹುದಾದುದು

ಮಳೆಗಾಲದಲ್ಲಿ ಮೇಳಗಳು ತಿರುಗಾಟವನ್ನು ನಿಲ್ಲಿಸುವವು. ತಾಳಮದ್ದಳೆಯ ಕಾಲವೂ ಅದೇ. ಆ ನಾಲ್ಕು ತಿಂಗಳಲ್ಲಿ ಕೇರಿಗೊಂದರಂತೆ ಶಾಲೆಯ ಕೋಣೆಯಲ್ಲಾಗಲಿ ದೊಡ್ಡ ಮನೆಯ ಜಗಲಿಯಲ್ಲಾಗಲಿ ತಿಂಗಳಿಗೊಂದು ಚಿತ್ರವನ್ನು ತೋರಿಸುವುದು ಕಷ್ಟವಲ್ಲ. ಬಿಳಿಯ ಗೋಡೆ ಅಥವಾ ಒಗೆದ ಪಂಚೆ, ಎರವಲು ತಂದ ಒಂದು ಪ್ರೊಜೆಕ್ಟರು ಇಷ್ಟು ಸಾಕು. ಸಾರ್ವಜನಿಕವಾಗಿ ತೋರಿಸುವುದಾದರೆ ಚಿತ್ರದ ಹಕ್ಕುದಾರರ ಅನುಮತಿಯನ್ನು ಪಡೆಯತಕ್ಕದ್ದು. ಕರೆಂಟು ಹೋಗುವ ಊರು ನಮ್ಮದಾದುದರಿಂದ ಒಂದು ಲಾಟೀನೂ ಇರಲಿ; ದೀಪ ಹೋದಾಗಲೇ ಮಾತು ಚೆನ್ನಾಗಿ ಬೆಳೆಯುವುದು!

ಮೊದಲ ದಿನಕ್ಕೆ ಚಾಪ್ಲಿನ್ನನ 1925ರ ಮೂಕಚಿತ್ರ 'ಗೋಲ್ಡ್ ರಶ್' ಉತ್ತಮ. ಹಸಿದ ಮನುಷ್ಯನು ಬೂಟನ್ನು ಬೇಯಿಸಿ ತಿನ್ನುವುದನ್ನು ಕಂಡು ಮಗುವೂ ನಗುವುದು, ಅಜ್ಜನೂ ನಗುವನು. ಆಮೇಲೆ ಮೇಲಿನ ಮೂರು ಬರಲಿ. ಚಿತ್ರಕ್ಕೆ ಮುಂಚೆ ಮನೆಯ ಕಾಲೇಜು ಹುಡುಗಿಯೊಬ್ಬಳು ಹತ್ತು ನಿಮಿಷ ಕನ್ನಡದಲ್ಲಿ ಕಥೆಯ ಹಿನ್ನೆಲೆಯನ್ನು ಹೇಳಲಿ. ಮುಗಿದ ಮೇಲೆ ಕಷಾಯ ಕುಡಿಯುತ್ತ ಎಲ್ಲರೂ ಅರ್ಧ ಗಂಟೆ ಕುಳಿತುಕೊಳ್ಳಲಿ. ಮೊದಲ ಮಾತು ಹಿರಿಯ ಹೆಂಗಸರದಾಗಲಿ. ಸಭೆಗಳಲ್ಲಿ ಅವರನ್ನು ಕೇಳಿದವರು ಕಡಮೆ. ಸಂಸಾರದ ನ್ಯಾಯ ಬಲ್ಲವರು ಅವರೇ. ಸೈಕಲು ಕದ್ದ ಆ ತಂದೆಯನ್ನು ಕ್ಷಮಿಸಬೇಕೇ ಬೇಡವೇ ಎಂದು ಅಜ್ಜಿಯೂ ಮೊಮ್ಮಗನೂ ಒಂದು ರಾತ್ರಿ ವಾದಿಸಿದರೆ, ಆ ಮನೆಗೆ ಒಂದು ದೊಡ್ಡ ಸಿನೇಮಾ ಬಂದು ಹೋಯಿತೆಂದು ತಿಳಿಯಬಹುದು.