ಹಾಯಿದೋಣಿಯ ಸೈಲೆನ್ಸರ್: ಸದ್ದಿಗಿಂತ ಮಿಗಿಲಾದ ನೀರಿನ ಲೆಕ್ಕ

ಗಾಳಿಯನ್ನೇ ನಂಬಿದ ಹಾಯಿದೋಣಿಗೂ ಬಂದರಿನ ಇಕ್ಕಟ್ಟಿನಲ್ಲಿ ತಿರುಗಲು, ಗಾಳಿ ಬಿದ್ದುಹೋದಾಗ ದಡ ಸೇರಲು ಎಂಜಿನ್ ಬೇಕಾಗುತ್ತದೆ. ಅಮೆರಿಕದಲ್ಲಿ 1970ರ ದಶಕದ ಮಧ್ಯದಿಂದ 2008ರವರೆಗೆ ಆರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಮೂವತ್ತು ಅಡಿಯ ‘ಕ್ಯಾಟಲಿನಾ 30’ ದೋಣಿಯ ಹೊಟ್ಟೆಯೊಳಗೆ ಮೊದಮೊದಲು ಯೂನಿವರ್ಸಲ್ ಸಂಸ್ಥೆಯ ‘ಅಟಾಮಿಕ್ 4’ ಎಂಬ ಪೆಟ್ರೋಲ್ ಎಂಜಿನ್ನೂ, ಮುಂದೆ ಕುಬೋಟಾ ಎಂಜಿನ್ನನ್ನು ಸಮುದ್ರಕ್ಕೆ ಒಗ್ಗಿಸಿ ಅದೇ ಸಂಸ್ಥೆ ಮಾರಿದ ಡೀಸೆಲ್ ಎಂಜಿನ್ನೂ ಇರುತ್ತಿದ್ದವು. ಇಂತಹ ಹಳೆಯ ದೋಣಿಗಳಲ್ಲಿ ಎಂಜಿನ್ ಗಟ್ಟಿಯಾಗಿಯೇ ಉಳಿದಿದ್ದರೂ ಅದರ ಹೊಗೆ ಸಾಗುವ ಮಫ್ಲರ್, ಅಂದರೆ ಸೈಲೆನ್ಸರ್, ಮೊದಲೇ ಕೈಕೊಡುವುದುಂಟು.

ಇದರ ಕೆಲಸ ಬೈಕು, ಕಾರುಗಳ ಸೈಲೆನ್ಸರಿನದಲ್ಲ. ನೂರಾರು ಡಿಗ್ರಿ ಬಿಸಿಯಿರುವ ಹೊಗೆಯನ್ನು ಫೈಬರ್ ಮತ್ತು ಮರದ ಒಡಲಿನೊಳಗೆ ಹಾಗೆಯೇ ಸಾಗಿಸುವುದು ಅಪಾಯವಾದ್ದರಿಂದ, ಎಂಜಿನ್ನನ್ನು ತಣಿಸಿ ಬಂದ ಸಮುದ್ರದ ನೀರನ್ನೇ ‘ಮಿಕ್ಸಿಂಗ್ ಎಲ್ಬೋ’ ಎಂಬ ಬಾಗಿದ ಲೋಹದ ಕೊಳವೆಯಲ್ಲಿ ಹೊಗೆಗೆ ಬೆರೆಸಲಾಗುತ್ತದೆ. ಅಲ್ಲಿಂದಾಚೆಗೆ ರಬ್ಬರ್ ಪೈಪೇ ಸಾಕಾಗುತ್ತದೆ. ಆದರೆ ಎಂಜಿನ್ ಸಾಮಾನ್ಯವಾಗಿ ಹೊರಗಿನ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ ಕೂತಿರುವುದರಿಂದ ಈ ನೀರು ತಾನಾಗಿ ಹೊರಕ್ಕೆ ಹರಿಯುವುದಿಲ್ಲ. ಅದನ್ನು ಮೇಲೆತ್ತುವ ಡಬ್ಬಿಯೇ ‘ವಾಟರ್‌ಲಿಫ್ಟ್’ ಮಫ್ಲರ್. ಎಲ್ಬೋದಿಂದ ಇಳಿದ ನೀರು ಡಬ್ಬಿಯ ತಳದಲ್ಲಿ ನಿಂತು, ತಳದ ಸಮೀಪದವರೆಗೂ ಇಳಿದಿರುವ ಹೊರಕೊಳವೆಯ ಬಾಯನ್ನು ಮುಚ್ಚುತ್ತಲೇ, ಹಿಂದೆ ಸೇರುವ ಹೊಗೆಯ ಒತ್ತಡ ಅದನ್ನು ಮೇಲಕ್ಕೆ ದೂಡುತ್ತದೆ; ದೋಣಿಯ ಹಿಂಬದಿಯಲ್ಲಿ ನೀರು ಬಿಟ್ಟುಬಿಟ್ಟು ಚಿಮ್ಮುವುದು ಇದರಿಂದಲೇ. ಸದ್ದು ತಗ್ಗುವುದು ಜೊತೆಗೇ ದೊರೆಯುವ ಲಾಭ.

ಉಪ್ಪುನೀರು, ಬಿಸಿ, ಹೊಗೆಯ ಆಮ್ಲಾಂಶ ಒಂದಾದಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೂ ಉಳಿಗಾಲವಿಲ್ಲ. ಬೆಸುಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ಕಂದು ನೀರು ಜಿನುಗಿ, ಒಣಗಿದ ಉಪ್ಪು ಬಿಳಿ ಗೆರೆಯಾಗಿ ಉಳಿಯುತ್ತದೆ. ಆ ತೂತಿನಿಂದ ನೀರಷ್ಟೇ ಅಲ್ಲ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಮಲಗುವ ಕೋಣೆಗೆ ನುಸುಳಬಹುದಾದ್ದರಿಂದ, ಅದರಲ್ಲೂ ಈ ಅನಿಲವನ್ನು ಹೆಚ್ಚಾಗಿ ಉಗುಳುವ ಪೆಟ್ರೋಲ್ ಎಂಜಿನ್ ಇರುವಲ್ಲಿ, ತೇಪೆ ಹಾಕಿ ದಿನ ದೂಡುವುದು ಸಲ್ಲದು. ಬದಲಿಗೆ ತುಕ್ಕು ಹಿಡಿಯದ ಫೈಬರ್ ಅಥವಾ ಪ್ಲಾಸ್ಟಿಕ್ ಮಫ್ಲರೇ ಮೇಲು. ಆದರೆ ತಣಿಸುವ ನೀರು ನಿಂತರೆ ಪ್ಲಾಸ್ಟಿಕ್ ಬೇಗ ಕರಗುತ್ತದೆ.

ಹಳೆಯ ಡಬ್ಬಿಯ ಅಳತೆಯನ್ನೇ ಕಣ್ಣುಮುಚ್ಚಿ ಅನುಸರಿಸುವುದು ಸರಿಯಲ್ಲ, ಏಕೆಂದರೆ ಹಿಂದಿನ ಮಾಲೀಕರು ಪೈಪಿನ ಉದ್ದವನ್ನೋ ದಾರಿಯನ್ನೋ ಬದಲಿಸಿರಬಹುದು. ಎಂಜಿನ್ ನಿಂತೊಡನೆ ಮೇಲೇರುವ ಪೈಪಿನಲ್ಲಿದ್ದ ನೀರು ಡಬ್ಬಿಗೇ ಮರಳುತ್ತದೆ. 50 ಮಿಲಿಮೀಟರ್ ಒಳವ್ಯಾಸದ ಪೈಪು ಒಂದು ಮೀಟರಿಗೆ ಸುಮಾರು 2 ಲೀಟರ್ ನೀರು ಹಿಡಿಯುವುದರಿಂದ, ಆ ಪೈಪಿನ ಉದ್ದವನ್ನು ಅಳೆದು, ಮರಳುವ ನೀರೆಲ್ಲ ಎಲ್ಬೋವನ್ನು ಮುಟ್ಟದೆ ತುಂಬಿಕೊಳ್ಳುವಷ್ಟು ದೊಡ್ಡ ಡಬ್ಬಿಯನ್ನು ಎಲ್ಬೋಗಿಂತ ತಗ್ಗಿನಲ್ಲಿ ಕೂರಿಸಬೇಕು. ನೀರು ಬೆರೆಯುವ ಜಾಗ ಹೊರಗಿನ ನೀರಿನ ಮಟ್ಟಕ್ಕೆ ಸಮೀಪವಾಗಿದ್ದರೆ ಅಥವಾ ಅದಕ್ಕಿಂತ ಕೆಳಗಿದ್ದರೆ, ತಣಿಸುವ ನೀರಿನ ಪೈಪನ್ನು ಎತ್ತರಕ್ಕೆ ಒಯ್ದು, ಅದರ ನೆತ್ತಿಯಲ್ಲಿ ಗಾಳಿ ಒಳಬಿಡುವ ವಾಲ್ವ್ ಅಳವಡಿಸುವುದೂ ಅಗತ್ಯ. ಇಲ್ಲವಾದರೆ, ಡ್ರಮ್ಮಿಗೆ ಇಳಿಬಿಟ್ಟ ಪೈಪಿನಿಂದ ನೀರು ತಾನೇ ಎಳೆದುಕೊಂಡು ಬರುವಂತೆ, ನಿಂತ ಎಂಜಿನ್ನಿನೊಳಕ್ಕೂ ಸಮುದ್ರ ಹರಿದು ಸಿಲಿಂಡರಿಗೆ ನೀರು ನುಗ್ಗುತ್ತದೆ. ಉಪ್ಪು ಕಟ್ಟಿದ ಈ ಸಣ್ಣ ವಾಲ್ವನ್ನು ಇದೇ ಸಂದರ್ಭದಲ್ಲಿ ಬಿಚ್ಚಿ ತೊಳೆಯಬೇಕು.

ಬಿಗಿದು ಕೂತ ಹಳೆಯ ಪೈಪನ್ನು ಉಳಿಸಿಕೊಳ್ಳಲು ಹೆಣಗುವ ಬದಲು ಉದ್ದಕ್ಕೆ ಸೀಳಿ ತೆಗೆದು, ದೋಣಿಗಳ ಹೊಗೆಗೆಂದೇ ತಯಾರಾದ ಹೊಸ ಪೈಪನ್ನು ಸಾಬೂನು ನೀರು ಸವರಿ ತೂರಿಸುವುದು ಸುಲಭ. ಅಮೆರಿಕದ ದೋಣಿ ಸುರಕ್ಷಾ ಮಾನದಂಡದಂತೆ ಪ್ರತಿ ತುದಿಗೂ ಎರಡೆರಡು ಕ್ಲಾಂಪ್ ಇರಬೇಕು. ನೀರು ತುಂಬಿದ ಡಬ್ಬಿಯ ಭಾರ ಪೈಪಿನ ಮೇಲೆ ಬೀಳದಂತೆ ಅದನ್ನು ಪಟ್ಟಿಯಿಂದ ಬಿಗಿಯಬೇಕು.

ಕೊನೆಯದಾಗಿ, ಎಂಜಿನ್ ಹತ್ತದೆ ಸೆಲ್ಫ್ ಹೊಡೆಯುತ್ತಲೇ ಹೋದರೆ ಪಂಪು ನೀರೆಳೆಯುತ್ತದೆ, ದೂಡಲು ಹೊಗೆ ಮಾತ್ರ ಇರುವುದಿಲ್ಲ; ಎಷ್ಟೇ ಹೊಸ ಮಫ್ಲರಾದರೂ ತುಂಬಿ ಎಂಜಿನ್ನಿಗೆ ಉಕ್ಕುತ್ತದೆ. ಹಾಗಾಗಿ ಒಂದೆರಡು ಯತ್ನ ವಿಫಲವಾದೊಡನೆ ಸಮುದ್ರದ ನೀರಿನ ವಾಲ್ವ್ ಮುಚ್ಚಿ, ಎಂಜಿನ್ ಹತ್ತಿದ ಕ್ಷಣವೇ ಅದನ್ನು ಮತ್ತೆ ತೆರೆಯಬೇಕು.