ಪ್ರಬೋಧನೆಯ ನಂತರದ ಪ್ರಶ್ನೆ

ಭಾನುವಾರದ ಬಲಿಪೂಜೆ ಮುಗಿದೊಡನೆ ಪೂಜಾವಸ್ತ್ರಗಳನ್ನು ಕಳಚಿಟ್ಟು ದೇವಾಲಯದ ಮುಂಬಾಗಿಲಿಗೆ ಬಂದು ನಿಲ್ಲುವುದು ನಮ್ಮ ಬಹುಕಾಲದ ರೂಢಿ. ಮಕ್ಕಳು ಆಶೀರ್ವಾದಕ್ಕೆ ತಲೆಯೊಡ್ಡುತ್ತಾರೆ. ಹಿರಿಯರು ಮಳೆಯ ಮಾತಾಡುತ್ತಾರೆ. ಯಾರದೋ ಮಗಳ ನಿಶ್ಚಿತಾರ್ಥ, ಇನ್ನಾರದೋ ಶಸ್ತ್ರಚಿಕಿತ್ಸೆ, ಎಲ್ಲವೂ ಅಲ್ಲಿಯೇ ನಮ್ಮ ಕಿವಿಗೆ ಬೀಳುತ್ತವೆ. ಆದರೆ ಅರ್ಧ ಗಂಟೆಯ ಹಿಂದೆಯಷ್ಟೇ ನಾವು ನೀಡಿದ ಪ್ರಬೋಧನೆಯ ವಿಷಯವನ್ನು ಎತ್ತುವವರು ಬಹು ವಿರಳ. "ಚೆನ್ನಾಗಿತ್ತು ಫಾದರ್" ಎನ್ನುವವರುಂಟು. ಅದು ಪ್ರಬೋಧನೆಗೆ ಸಂದ ಮಾತೋ, ಅದು ಬೇಗ ಮುಗಿದುದಕ್ಕೆ ಸಂದ ಮಾತೋ ನಾವು ವಿಚಾರಿಸುವುದಿಲ್ಲ.

ಈ ಮೌನಕ್ಕೆ ನಾವೇ, ಅಂದರೆ ಗುರುವರ್ಗದವರೇ, ಬಹುಮಟ್ಟಿಗೆ ಕಾರಣರೆಂದು ತೋರುತ್ತದೆ. ನಮ್ಮ ಹಿರಿಯರು ಕಲಿತ ಜ್ಞಾನೋಪದೇಶದ ಪುಸ್ತಕವನ್ನು ನೆನೆಯಿರಿ. ಅದರಲ್ಲಿ ಪ್ರಶ್ನೆಯೂ ಅಚ್ಚಾಗಿತ್ತು, ಉತ್ತರವೂ ಅಚ್ಚಾಗಿತ್ತು. ಕೇಳುವವರು ಗುರುಗಳು, ಒಪ್ಪಿಸುವವರು ಮಕ್ಕಳು. ಆ ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಅಂದು ಬಾಯಿಪಾಠವಾದ ಉತ್ತರ ಮರಣಶಯ್ಯೆಯಲ್ಲಿ ಆಸರೆಯಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2005ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶದ ಸಂಗ್ರಹವೂ 598 ಪ್ರಶ್ನೋತ್ತರಗಳ ರೂಪದಲ್ಲಿಯೇ ಇದೆ. ಆದರೆ ಪ್ರಶ್ನೆ ಕೇಳುವುದು ಗುರುಗಳ ಕೆಲಸ, ತಮ್ಮದು ಉತ್ತರ ಒಪ್ಪಿಸುವುದಷ್ಟೇ ಎಂಬ ಭಾವನೆ ವಿಶ್ವಾಸಿಗಳಲ್ಲಿ ಅಲ್ಲಿಂದಲೇ ಬೇರೂರಿತು. ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ಕೇಳಿದರೆ ವಿಶ್ವಾಸದ ಕೊರತೆಯೆಂದು ಎಣಿಸಿಯಾರೆಂಬ ಅಂಜಿಕೆಯೂ ಅದರೊಡನೆ ಸೇರಿಕೊಂಡಿತು.

ಈ ಅಂಜಿಕೆ ಹೊಸದಲ್ಲ. ಸಂತ ಮಾರ್ಕನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮ ಮರಣ ಪುನರುತ್ಥಾನಗಳ ಮಾತನ್ನು ಎರಡನೆಯ ಸಲ ಎತ್ತುತ್ತಾರೆ. ಶಿಷ್ಯರಿಗೆ ಅದು ಅರ್ಥವಾಗುವುದಿಲ್ಲ. ಕೇಳಲು ಧೈರ್ಯವೂ ಸಾಲುವುದಿಲ್ಲ. ಮುಂದೆ ನಡೆದುದನ್ನು ಗಮನಿಸಬೇಕು: ಕೇಳಬೇಕಾದುದನ್ನು ಕೇಳದೆ ಬಿಟ್ಟವರು ದಾರಿಯುದ್ದಕ್ಕೂ ತಮ್ಮಲ್ಲಿ ಯಾರು ದೊಡ್ಡವರೆಂದು ವಾದಿಸುತ್ತಾರೆ. ಧರ್ಮಕೇಂದ್ರದ ಸಭೆಗಳಲ್ಲಿ ಕುಳಿತ ಅನುಭವವುಳ್ಳ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಸ್ವಾಮಿ ಹನ್ನೆರಡರ ಬಾಲಕನಾಗಿದ್ದಾಗ ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು, ಅವರ ಮಾತುಗಳನ್ನು ಕೇಳುತ್ತಾ ಪ್ರಶ್ನೆಗಳನ್ನು ಹಾಕುತ್ತಿದ್ದರೆಂದು ಸಂತ ಲೂಕನು ಬರೆದಿದ್ದಾನೆ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ನಮಗೆ ಅತ್ಯಂತ ಪ್ರಿಯವಾಗಿದ್ದುದು ಸಂತ ತೋಮಸ್ ಅಕ್ವಿನಾಸರ ಕಾಲದ ಒಂದು ವಾಡಿಕೆ. ಹದಿಮೂರನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆರಡು ಬಾರಿ, ಆಗಮನ ಕಾಲದಲ್ಲಿ ಮತ್ತು ತಪಸ್ಸು ಕಾಲದಲ್ಲಿ, ಗುರುಗಳು ಬಹಿರಂಗ ಸಭೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಸಭೆಯಲ್ಲಿದ್ದ ಯಾರೇ ಆಗಲಿ ಯಾವ ವಿಷಯದ ಮೇಲಾದರೂ ಪ್ರಶ್ನೆ ಹಾಕಬಹುದಾಗಿತ್ತು. ಮೊದಲೇ ಸೂಚನೆ ಕೊಡಬೇಕಾಗಿರಲಿಲ್ಲ. ಸತ್ಯ, ದ್ರಾಕ್ಷಾರಸ, ರಾಜ, ಸ್ತ್ರೀ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಬಲವೆಂದು ಕೇಳಿದವರೂ ಇದ್ದರು. ತೋಮಸರು ಅದಕ್ಕೂ ಗಂಭೀರವಾಗಿಯೇ ಉತ್ತರಿಸಿದರು. ಇಂತಹದೇ ಇನ್ನೊಂದು ಸಭೆಯಲ್ಲಿ ಅವರು ತಿಳಿಸಿದ ಅಭಿಪ್ರಾಯ ನಮ್ಮಂಥವರಿಗೆ ಎಚ್ಚರಿಕೆಯಂತಿದೆ: ಗುರುವಾದವನು ಬರಿಯ ಅಧಿಕಾರದಿಂದ ಇದು ಹೀಗೆಯೇ ಎಂದು ತೀರ್ಪಿತ್ತರೆ ಶಿಷ್ಯನಿಗೆ ನಿಶ್ಚಯವೇನೋ ದೊರೆಯುತ್ತದೆ, ತಿಳಿವು ಮಾತ್ರ ದೊರೆಯುವುದಿಲ್ಲ. ಅವನು ಬರಿದಾಗಿಯೇ ಹಿಂದಿರುಗುತ್ತಾನೆ.

ಇದನ್ನೆಲ್ಲ ಓದಿ ಪರೀಕ್ಷೆಯಲ್ಲಿ ಬರೆದವರು ನಾವು. ಆದರೂ ಒಬ್ಬ ತಾಯಿಯನ್ನು ಬರಿಗೈಯಲ್ಲಿ ಕಳುಹಿಸಿದೆವು.

2003ರ ನವೆಂಬರ್ 2, ಭಾನುವಾರ. ಸಕಲ ಮೃತ ವಿಶ್ವಾಸಿಗಳ ಸ್ಮರಣೆ, ನಮ್ಮ ಜನರ ಮಾತಿನಲ್ಲಿ ಕಲ್ಲರೆ ಹಬ್ಬ. ಆಗ ನಾವು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಸೇವೆಯಲ್ಲಿದ್ದೆವು. ಸಮಾಧಿಗಳಿಗೆ ಸುಣ್ಣ ಬಳಿದು, ಚೆಂಡುಹೂ ಇಟ್ಟು, ಮೇಣದ ಬತ್ತಿ ಹಚ್ಚಿದ್ದರು. ಪ್ರಬೋಧನೆಯಲ್ಲಿ ನಾವು, ಧರ್ಮಸಭೆ ಇಂದು ಎಲ್ಲ ಮೃತರನ್ನೂ ನೆನೆಯುತ್ತದೆ, ಯಾರನ್ನೂ ಮರೆಯುವುದಿಲ್ಲ ಎಂದು ಸ್ವಲ್ಪ ಉತ್ಸಾಹದಿಂದಲೇ ಹೇಳಿದೆವು. ಸಮಾಧಿಗಳ ಆಶೀರ್ವಾದ ಮುಗಿದ ಮೇಲೆ ಎಪ್ಪತ್ತು ದಾಟಿದ ಒಬ್ಬ ತಾಯಿ ಬಳಿಗೆ ಬಂದರು.

"ಸ್ವಾಮಿ, ಎಲ್ಲಾ ಸತ್ತೋರ್ನೂ ಅಂದ್ರಲ್ಲ, ಆ ಎಲ್ಲಾರೊಳಗೆ ನನ್ನ ಕೂಸೂ ಸೇರೈತಾ?"

1950ರ ದಶಕದಲ್ಲಿ ಹುಟ್ಟಿದ ಅವರ ಚೊಚ್ಚಲ ಮಗು ಒಂದು ಗಳಿಗೆಯಷ್ಟೇ ಉಸಿರಾಡಿತ್ತಂತೆ. ಜ್ಞಾನಸ್ನಾನವಾಗಲಿಲ್ಲ. ಜ್ಞಾನಸ್ನಾನವಿಲ್ಲದೆ ತೀರಿಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವಿಲ್ಲವೆಂಬುದು 1917ರ ಕಾನೂನು ಸಂಹಿತೆಯ ವಿಧಿಯಾಗಿತ್ತು. ಮಗುವನ್ನು ಸಮಾಧಿಭೂಮಿಯ ಗೋಡೆಯ ಹೊರಗೆ, ಬೇಲಿಯ ಪಕ್ಕದಲ್ಲಿ ಮಣ್ಣು ಮಾಡಿದ್ದರು.

ನಾವು ಉತ್ತರಿಸಿದೆವು. ಲಿಂಬೋ ಎಂಬುದು ದೈವಶಾಸ್ತ್ರಜ್ಞರ ಒಂದು ಅಭಿಪ್ರಾಯ, ಧರ್ಮಸಭೆ ಅದನ್ನು ವಿಶ್ವಾಸದ ಸತ್ಯವೆಂದು ಎಂದೂ ಘೋಷಿಸಿಲ್ಲ ಎಂದೆವು. ಸಹಜ ಆನಂದಕ್ಕೂ ದೈವದರ್ಶನಕ್ಕೂ ಇರುವ ಭೇದವನ್ನು ವಿವರಿಸಿದೆವು. 1992ರ ಧರ್ಮೋಪದೇಶ ಗ್ರಂಥವು ಅಂತಹ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ ಎಂದೂ ಸೇರಿಸಿದೆವು. ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೊನೆಯವರೆಗೂ ನಿಂತು ಕೇಳಿದರು. "ಆಯ್ತು ಸ್ವಾಮಿ" ಎಂದು ಹೊರಟರು.

ಆ ವಾರವೆಲ್ಲ ನಮಗೆ ಸಮಾಧಾನವಿರಲಿಲ್ಲ. ಶನಿವಾರ ಅವರ ಮನೆಗೆ ಹೋದೆವು. ಈ ಸಲ ವಿವರಿಸಲಿಲ್ಲ, ಕೇಳಿದೆವು. ಆಗ ಹೊರಬಂತು ನಿಜವಾದ ಪ್ರಶ್ನೆ. ಸೂಲಗಿತ್ತಿ ಬೇರೆ ಮತದವಳು. ಅಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ಮಗುವಿನ ತಲೆಯ ಮೇಲೆ ನೀರೆರೆದು ಜ್ಞಾನಸ್ನಾನ ಕೊಡಬಹುದೆಂದು ಆ ತಾಯಿಗೆ ಕೆಲವು ವರ್ಷಗಳ ನಂತರ, ಒಂದು ಪ್ರಬೋಧನೆಯಲ್ಲಿ ತಿಳಿಯಿತಂತೆ. "ಚೊಂಬಿನಾಗೆ ನೀರಿತ್ತು ಸ್ವಾಮಿ. ನಂಗೆ ಗೊತ್ತಿರಲಿಲ್ಲ." ಸುಮಾರು ಅರ್ಧ ಶತಮಾನ ಅವರು ತಮ್ಮ ಮಗುವನ್ನು ಸ್ವರ್ಗದಿಂದ ಹೊರಗಿಟ್ಟವಳು ತಾನೇ ಎಂದು ನಂಬಿದ್ದರು. ಎಷ್ಟೋ ಗುರುಗಳು ಬಂದು ಹೋದರು. ಯಾರನ್ನೂ ಅವರು ಕೇಳಿರಲಿಲ್ಲ. ಅವರಿಗೆ ಬೇಕಾಗಿದ್ದುದು ಲಿಂಬೋದ ಇತಿಹಾಸವಲ್ಲ. ನಿಮ್ಮ ತಪ್ಪಲ್ಲ ಅವ್ವ ಎಂಬ ಮಾತು. ಅದನ್ನು ಅಂದು ಹೇಳಿದೆವು.

ಧರ್ಮಸಭೆಯ ತಿಳಿವಳಿಕೆಯೂ ಇಂತಹ ಪ್ರಶ್ನೆಗಳಿಂದಲೇ ಬೆಳೆದಿದೆ. ಜ್ಞಾನಸ್ನಾನ ಪಡೆಯದೆ ಮೃತರಾದ ಶಿಶುಗಳಿಗೂ 1969ರ ಶವಸಂಸ್ಕಾರ ವಿಧಿಯಲ್ಲಿ ಪ್ರಾರ್ಥನೆಗಳು ಬಂದವು. ತಂದೆತಾಯಿ ಜ್ಞಾನಸ್ನಾನ ಮಾಡಿಸಬೇಕೆಂದಿದ್ದರೆ ಧರ್ಮಾಧ್ಯಕ್ಷರ ಅನುಮತಿಯಿಂದ ಅಂತಹ ಮಗುವಿಗೆ ಶವಸಂಸ್ಕಾರ ನಡೆಸಬಹುದೆಂದು 1983ರ ಸಂಹಿತೆ ತಿಳಿಸಿತು. 2007ರಲ್ಲಿ ವಿಶ್ವಗುರು 16ನೆಯ ಬೆನೆಡಿಕ್ಟರ ಅನುಮತಿಯೊಡನೆ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಇದೇ ವಿಷಯದ ಮೇಲೆ ಒಂದು ದೀರ್ಘ ಪತ್ರವನ್ನು ಪ್ರಕಟಿಸಿ, ಆ ಶಿಶುಗಳು ರಕ್ಷಣೆ ಹೊಂದುವರೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದಿತು. ಅದು ಆಶೆ, ಖಚಿತ ಜ್ಞಾನವಲ್ಲ ಎಂಬುದನ್ನೂ ಮರೆಮಾಚಲಿಲ್ಲ. ಮಗುವನ್ನು ಕಳೆದುಕೊಂಡ ತಂದೆತಾಯಿಯರ ದುಃಖ, ಅವರನ್ನು ಕಾಡುವ ತಪ್ಪಿತಸ್ಥ ಭಾವ, ಇವು ಆ ಪತ್ರದ ಆರಂಭದಲ್ಲಿಯೇ ಪ್ರಸ್ತಾಪಗೊಂಡಿವೆ. ಅದು ನಮ್ಮ ಕೈಸೇರಿದಾಗ ಆ ತಾಯಿ ಇರಲಿಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ತೀರಿಕೊಂಡಿದ್ದರು.

ಪ್ರಶ್ನಿಸುವುದು ಗುರುಗಳಿಗೆ ತೋರುವ ಅಗೌರವವೆಂದು ಭಾವಿಸುವವರಿಗೆ ಇಷ್ಟು ತಿಳಿಸಬಯಸುತ್ತೇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ಶ್ರೀಸಾಮಾನ್ಯರು ತಮ್ಮ ಅಗತ್ಯಗಳನ್ನೂ ಅಭಿಪ್ರಾಯಗಳನ್ನೂ ಗುರುಗಳ ಮುಂದಿಡಬೇಕೆಂದಿತು. ಸಂಹಿತೆಯ 212ನೆಯ ವಿಧಿ ಅದನ್ನು ಹಕ್ಕೆಂದೂ, ಕೆಲವೊಮ್ಮೆ ಕರ್ತವ್ಯವೆಂದೂ ಕರೆಯುತ್ತದೆ. ಇದಕ್ಕೆ ಒಂದು ಶತಮಾನ ಮೊದಲೇ, 1859ರಲ್ಲಿ, ಸಿದ್ಧಾಂತದ ವಿಷಯದಲ್ಲಿ ಸಾಮಾನ್ಯ ವಿಶ್ವಾಸಿಗಳನ್ನೂ ವಿಚಾರಿಸಬೇಕೆಂದು ಬರೆದ ಜಾನ್ ಹೆನ್ರಿ ನ್ಯೂಮನ್ನರು ಮೇಲಿನವರ ಅವಕೃಪೆಗೆ ಒಳಗಾದರು. ಅವರೇ 2019ರಲ್ಲಿ ಸಂತರಾದರು, 2025ರಲ್ಲಿ ಧರ್ಮಸಭೆಯ ಪಂಡಿತರೆಂದು ಘೋಷಿತರಾದರು.

ವಾದಕ್ಕಾಗಿಯೇ ಕೇಳುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಮೊಬೈಲಿನಲ್ಲಿ ಬಂದುದನ್ನು ಹಿಡಿದು ನಮ್ಮನ್ನು ಪರೀಕ್ಷಿಸುವ ಯುವಕರೂ ಇದ್ದಾರೆ. ಅವರೂ ಬರಲಿ. ಈಗ ನಮ್ಮ ಧರ್ಮಕೇಂದ್ರದಲ್ಲಿ ತಿಂಗಳ ಮೊದಲ ಭಾನುವಾರ ಪೂಜೆಯ ನಂತರ ಕಾಫಿಯೊಡನೆ ಒಂದು ಗಂಟೆ ಕುಳಿತುಕೊಳ್ಳುತ್ತೇವೆ. ಮೊದಲ ಮೂರು ತಿಂಗಳು ಕಾಫಿ ಮಾತ್ರ ಖರ್ಚಾಯಿತು. ನಂತರ ಒಬ್ಬ ಹೈಸ್ಕೂಲು ಹುಡುಗಿ ಕೇಳಿದಳು: "ಫಾದರ್, ಜಕರೀಯನೂ ಇದು ಹೇಗೆ ಅಂತ ಕೇಳಿದ, ಮರಿಯಮ್ಮನವರೂ ಹೇಗೆ ಅಂತ ಕೇಳಿದರು. ಅವನು ಮಾತ್ರ ಯಾಕೆ ಮೂಕನಾದ?" ಮಾತುಗಳು ಒಂದೇ ಬಗೆಯವಾದರೂ ದೇವರು ಹೃದಯವನ್ನು ನೋಡಿದನೆಂಬ ಸಂತ ಅಗಸ್ಟೀನರ ವಿವರಣೆಯನ್ನು ಕೊಟ್ಟೆವು. "ಹಾಗಾದರೆ ಹೃದಯ ಕಾಣದ ನೀವು, ಪ್ರಶ್ನೆ ಕೇಳಿದವರನ್ನು ಬೈಯಬಾರದು ಅಲ್ವಾ?" ಎಂದಳು. ಆ ದಿನ ಎಲ್ಲರಿಗೂ ಎರಡನೆಯ ಸಲ ಕಾಫಿ ತರಿಸಬೇಕಾಯಿತು.

ಕೆಲವಕ್ಕೆ ಅಲ್ಲಿಯೇ ಉತ್ತರ ತೋಚುವುದಿಲ್ಲ. ಓದಿ ಮುಂದಿನ ತಿಂಗಳು ಹೇಳುತ್ತೇವೆ ಎನ್ನುತ್ತೇವೆ. ಮೊದಮೊದಲು ಹಾಗೆ ಹೇಳಲು ನಾಲಗೆ ತಡೆಯುತ್ತಿತ್ತು.

2004ರ ಕಲ್ಲರೆ ಹಬ್ಬದಂದು, ಸಮಾಧಿಗಳ ಆಶೀರ್ವಾದ ಮುಗಿದ ಮೇಲೆ, ಪವಿತ್ರ ಜಲದ ಪಾತ್ರೆ ಹಿಡಿದ ಪೀಠಬಾಲಕನೊಡನೆ ನಾವು ಗೋಡೆಯ ಹೊರಕ್ಕೆ ಹೋದೆವು. ಆ ತಾಯಿ ಮುಂದೆ ನಡೆದರು. ಗುರುತಿಗೆ ಕಲ್ಲೂ ಇರಲಿಲ್ಲ. ಬೇಲಿಯ ಕತ್ತಾಳೆಯ ಬುಡದಲ್ಲಿ ಒಂದು ಜಾಗವನ್ನು ಅವರು ತೋರಿಸಿದರು. ಪ್ರಾರ್ಥನೆಯ ಪುಸ್ತಕದಲ್ಲಿ ಮೃತರ ಹೆಸರು ಹೇಳಬೇಕಾದ ಸ್ಥಳ ಬಂದಾಗ ನಿಲ್ಲಿಸಿ ಅವರ ಮುಖ ನೋಡಿದೆವು.

"ಹೆಸರಿಟ್ಟಿರಲಿಲ್ಲ ಸ್ವಾಮಿ. ಈಗ ಇಡಬಹುದಾ?"

ಯಾವ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆಯೆಂದು ನಾವು ಯೋಚಿಸಲಿಲ್ಲ. ಯಾವ ಹೆಸರು ಅವ್ವ ಎಂದು ಕೇಳಿದೆವು. ಅವರು ಹೇಳಿದರು.